ನಿಮ್ಮ ಕೆಲಸವನ್ನು ಕೂತು ನೋಡುವವರು ಯಾರು?

ಜಾವಗಲ್, ಬಾಣಾವರ, ಹಳೇಬೀಡು ಕಡೆಯಿಂದ ಡಿಗ್ರಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ತಮ್ಮ ತಂಗಿಯರೇ,

ನಿಮ್ಮಲ್ಲಿ ಕೆಲವರು ನನಗೆ ಫೋನ್ ಮಾಡಿದಿರಿ, ಕೆಲವರು ಅಮ್ಮನ ಕೈಲಿ ಹೇಳಿ ಕಳಿಸಿದಿರಿ. ಎಲ್ಲರ ಪ್ರಶ್ನೆಯೂ ಒಂದೇ: “ಅಕ್ಕಾ, ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್ ಆಗ್ಬೇಕು ಅಂದ್ರೆ ಯಾವ ಕೋರ್ಸ್ ಮಾಡ್ಬೇಕು?” ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಟ್ಟು ಸಾಕಾಗಿದೆ, ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ. ನಿಮ್ಮ ಅಪ್ಪ ಅಮ್ಮನೂ ಓದಲಿ. ಫೀಸು ಕಟ್ಟುವವರು ಅವರೇ ತಾನೆ.

ಸುತ್ತಿ ಬಳಸದೆ ಹೇಳುತ್ತೇನೆ. ಆ ಹೆಸರಿನ ಲೈಸೆನ್ಸ್ ನಮ್ಮ ದೇಶದಲ್ಲಿ ಇಲ್ಲ. ನೀವು ರೀಲ್ಸಿನಲ್ಲಿ ನೋಡಿದ ‘ಎಲ್‌ಎಂಎಫ್‌ಟಿ’ ಅಮೆರಿಕದ್ದು. ಅಲ್ಲಿ ದಾಂಪತ್ಯ ಸಮಾಲೋಚಕರ ಸಂಘ ಹುಟ್ಟಿದ್ದು 1942ರಲ್ಲಿ. 1963ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ಕಾನೂನು ಮಾಡಿ ಲೈಸೆನ್ಸ್ ಕೊಡಲು ಶುರು ಮಾಡಿತು, ಈಗ ಐವತ್ತೂ ರಾಜ್ಯಗಳಲ್ಲಿದೆ. ಅದು ಪುಕ್ಕಟೆ ಸಿಗುವ ಬಿರುದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ, ಪಳಗಿದವರೊಬ್ಬರ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ ಮಾಡಿದ ಲೆಕ್ಕ ಒಪ್ಪಿಸಬೇಕು. ಅದರಲ್ಲಿ ಕನಿಷ್ಠ 500 ಗಂಟೆ ದಂಪತಿಗಳು, ಸಂಸಾರಗಳು, ಮಕ್ಕಳ ಎದುರು ಕೂತದ್ದಾಗಿರಬೇಕು. ಆಮೇಲೆ ಪರೀಕ್ಷೆ. ಈ 3,000 ಗಂಟೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇಲ್ಲಿನ ದಾರಿಗಳು ಬೇರೆ. ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ ಕ್ಲಿನಿಕಲ್ ಸೈಕಾಲಜಿಗೆ ಹೋಗಬಹುದು. ಇಲ್ಲವೇ ಎಂ.ಎಸ್.ಡಬ್ಲ್ಯು. ಮಾಡಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯರ, ನರ್ಸ್‌ಗಳ ಜೊತೆಗೆ ಹೆಸರು ಹಿಡಿದು ಗುರುತಿಸುವುದು ಈ ಇಬ್ಬರನ್ನು. ಇಬ್ಬರಿಗೂ ಇಷ್ಟು ದಿನ ಎರಡು ವರ್ಷದ ಎಂ.ಫಿಲ್. ಬೇಕಿತ್ತು. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ವಾರ್ಡಿನಲ್ಲಿ ನಿಂತು ಕಲಿಯುವ ಎಂ.ಫಿಲ್. ಅದು. ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಈ ಎರಡು ವಿಷಯಗಳಿಗೆ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತು. ಹಾಗಾಗಿ ಸೀನಿಯರ್‌ಗಳು ಹೇಳಿದ ದಾರಿಯನ್ನೇ ನಂಬಿ ಕೂರಬೇಡಿ. ಈ ಸಲದ ಪ್ರವೇಶ ಪ್ರಕಟಣೆಯನ್ನೇ ತೆಗೆದು ಸಾಲು ಸಾಲು ಓದಿ.

ಪದವಿಯ ಹೆಸರಿನಲ್ಲೇ ‘ಫ್ಯಾಮಿಲಿ ಥೆರಪಿ’ ಇರಬೇಕು ಎಂದು ಹುಡುಕಿದವರಿಗೆ ಸಿಗುತ್ತಿದ್ದುದು ಇಗ್ನೋ ನಡೆಸುತ್ತಿದ್ದ ಕೌನ್ಸೆಲಿಂಗ್ ಅಂಡ್ ಫ್ಯಾಮಿಲಿ ಥೆರಪಿ ಎಂ.ಎಸ್ಸಿ. ಯಾವ ಡಿಗ್ರಿ ಓದಿದವರೂ ಸೇರಬಹುದಿತ್ತು, ಮನೆಯಲ್ಲಿ ಕೂತು ಓದಬಹುದಿತ್ತು. ಆದರೆ 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನಃಶಾಸ್ತ್ರವೂ ಸೇರಿದಂತೆ, 2025ರ ಜುಲೈ–ಆಗಸ್ಟ್‌ನಿಂದ ದೂರಶಿಕ್ಷಣದಲ್ಲಿ ಕಲಿಸಕೂಡದು ಎಂದು ಯುಜಿಸಿ ಹೇಳಿತು. ನಿಮ್ಮಲ್ಲೊಬ್ಬಳು ಫೋಟೋ ತೆಗೆದು ಕಳಿಸಿದ ಕರಪತ್ರ ಅದಕ್ಕಿಂತ ಹಳೆಯದು. ದುಡ್ಡು ಕಟ್ಟುವ ಮುಂಚೆ ಕೇಳಿ, ಕೇಳಿದ್ದಕ್ಕೆ ಲಿಖಿತ ಉತ್ತರ ತೆಗೆದುಕೊಳ್ಳಿ. ದೂರಶಿಕ್ಷಣ ನಿಂತದ್ದು ನಮ್ಮಂಥ ಊರಿನ ಮದುವೆಯಾದ ಹೆಣ್ಣುಮಕ್ಕಳಿಗೆ ನಷ್ಟವೇ, ಅದನ್ನು ಒಪ್ಪುತ್ತೇನೆ. ಆದರೂ ಸಂಸಾರದ ಜಗಳ ಬಿಡಿಸುವುದನ್ನು ಅಂಚೆಯಲ್ಲಿ ಬಂದ ಪುಸ್ತಕದಿಂದ ಕಲಿಯಬಹುದು ಎಂದು ನಾನು ಯಾವತ್ತೂ ನಂಬಿದವಳಲ್ಲ.

ಬೆಂಗಳೂರು, ಮೈಸೂರು, ಶಿವಮೊಗ್ಗದ ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಸೈಕಾಲಜಿಯ ಎಂ.ಎಸ್ಸಿ.ಗಳಿವೆ, ಒಂದು ವರ್ಷದ ಡಿಪ್ಲೊಮಾಗಳಿವೆ, ಶನಿವಾರ ಭಾನುವಾರದ ಸರ್ಟಿಫಿಕೇಟುಗಳಿವೆ. ಯಾವುದು ಒಳ್ಳೆಯದು ಎಂದು ಕೇಳುತ್ತೀರಿ. ನಾನು ಕಾಲೇಜಿನ ಹೆಸರು ಹೇಳುವುದಿಲ್ಲ. ಇಂಟರ್‌ವ್ಯೂಗೆ ಹೋದಾಗ ನೀವು ಕೇಳಬೇಕಾದ ಒಂದು ಪ್ರಶ್ನೆ ಹೇಳುತ್ತೇನೆ: “ನಾನು ಒಂದು ಸಂಸಾರದ ಎದುರು ಕೂತು ಕೆಲಸ ಮಾಡುವಾಗ ಅದನ್ನು ನೋಡುವವರು ಯಾರು?” ಸಿಲಬಸ್ಸು, ಕಟ್ಟಡ, ವಿದೇಶಿ ಕೊಲಾಬರೇಷನ್ ಎಲ್ಲ ಆಮೇಲೆ. ಕನ್ನಡಿಯ ಆಚೆ ಕೂತೋ, ಪಕ್ಕದ ಕುರ್ಚಿಯಲ್ಲೋ, ಒಪ್ಪಿಗೆ ಪಡೆದ ರೆಕಾರ್ಡಿಂಗ್ ಕೇಳಿಯೋ, ವಾರಕ್ಕೊಮ್ಮೆಯಾದರೂ ನಿಮ್ಮ ಕೆಲಸವನ್ನು ನೋಡುವ ಒಬ್ಬ ಹಿರಿಯರ ಹೆಸರನ್ನು ಅವರು ಹೇಳಬೇಕು. “ನೀವು ಕೇಸ್ ರಿಪೋರ್ಟ್ ಬರೆದು ಕೊಟ್ಟರೆ ಸೈನ್ ಮಾಡ್ತೀವಿ” ಎಂದರೆ ಎದ್ದು ಬನ್ನಿ. ಆ 3,000 ಗಂಟೆಯ ಗುಟ್ಟು ಇರುವುದು ಇಲ್ಲೇ. ಇಲ್ಲಿ ಯಾವ ಕಾನೂನೂ ಅಷ್ಟು ಗಂಟೆ ಕೇಳುವುದಿಲ್ಲವಾದ್ದರಿಂದ ನೀವೇ ಕೇಳಿ ಪಡೆಯಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನೋಡುವವರಿಲ್ಲದಿದ್ದರೆ ಆಗುವುದು ಹೀಗೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿ ಬರೆಯುತ್ತಿದ್ದೇನೆ. ನನ್ನ ಬಳಿ ತರಬೇತಿಗೆ ಬಂದ ಹುಡುಗಿಯೊಬ್ಬಳು ಒಂದು ಸಂಸಾರವನ್ನು ನೋಡಿದಳು. ಕೊಬ್ಬರಿ ವ್ಯಾಪಾರದ ಗಂಡ, ತೌರಿಗೆ ಹೋಗಿ ಕೂತ ಹೆಂಡತಿ, ಗಂಡನ ತಾಯಿ, ಹೆಂಡತಿಯ ಅಣ್ಣ. ಅತ್ತೆ ಬಂದವರೇ ನಡುವಿನ ಕುರ್ಚಿ ಹಿಡಿದರು, ಮಗ ಅವರ ಬಲಕ್ಕೆ. ಸೊಸೆ ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಣ್ಣ ಕೂರಲೇ ಇಲ್ಲ, ಗೋಡೆಗೆ ಒರಗಿ ನಿಂತ. ಹುಡುಗಿ ಸೊಸೆಯ ಕಡೆ ತಿರುಗಿ, “ಏನು ತೊಂದರೆ ಆಯ್ತು ಹೇಳಿ” ಎಂದಳು. ಉತ್ತರ ಅತ್ತೆಯಿಂದ ಬಂತು. ಹುಡುಗಿ ಅದನ್ನು ಚೆಂದದ ಅಕ್ಷರದಲ್ಲಿ ಬರೆದುಕೊಂಡಳು, ಸೊಸೆಯ ಹೆಸರಿನ ಕೆಳಗೆ. ಗಂಡ ಒಂದೆರಡು ಸಲ ಮೊಬೈಲ್ ತೆಗೆದು ಅರಸೀಕೆರೆ ಮಾರ್ಕೆಟ್ಟಿನ ರೇಟು ನೋಡಿದ. ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ಹುಡುಗಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಬುದ್ಧಿ ಹೇಳಿ ಮುಂದಿನ ವಾರಕ್ಕೆ ಬರಹೇಳಿದಳು. ರಿಪೋರ್ಟು ಬರೆದಿದ್ದರೆ ಅದರಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ.

ಇದನ್ನೆಲ್ಲ ನೋಡುತ್ತಾ ಕೂತಿದ್ದ ನಾನು, ಅವರೆಲ್ಲ ಹೋದ ಮೇಲೆ ಕೇಳಿದ್ದು ಮೂರೇ ಮಾತು. ಕುರ್ಚಿ ಯಾರು ಹಂಚಿದರು? ಸೊಸೆ ಬಾಯಿ ತೆರೆಯುವ ಮುಂಚೆ ಯಾರ ಮುಖ ನೋಡಿದಳು? ಅಣ್ಣ ಯಾಕೆ ನಿಂತೇ ಇದ್ದ? ಹುಡುಗಿ ಬುದ್ಧಿವಂತೆ. ಮುಂದಿನ ವಾರ ಬುದ್ಧಿವಾದ ಬಿಟ್ಟಳು. ಗಂಡನ ಕಡೆ ತಿರುಗಿ, “ಇವರು ತೌರಿಗೆ ಹೋದ ಮೇಲೆ ಮನೇಲಿ ಯಾರಿಗೆ ಜಾಸ್ತಿ ಬೇಜಾರಾಗಿದೆ ಅಂತ ನಿಮಗೆ ಅನ್ಸುತ್ತೆ?” ಎಂದು ಕೇಳಿದಳು. ಒಬ್ಬರ ಮನಸ್ಸಿನ ಬಗ್ಗೆ ಇನ್ನೊಬ್ಬರನ್ನು ಕೇಳುವ ಈ ಉಪಾಯವನ್ನು ಇಟಲಿಯ ಮಿಲಾನಿನ ನಾಲ್ವರು ಥೆರಪಿಸ್ಟರು 1980ರಲ್ಲಿ ಬರೆದಿಟ್ಟಿದ್ದಾರೆ, ನಿಮ್ಮ ಪುಸ್ತಕದಲ್ಲೂ ಇರುತ್ತದೆ. ಗಂಡ ಬಹಳ ಹೊತ್ತು ಸುಮ್ಮನಿದ್ದು, “ಅವ್ವಂಗೆ” ಎಂದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ತಮ್ಮ ಗಂಡ ತೀರಿದ ಮೇಲೆ ಆ ಮನೆಯಲ್ಲಿ ಅವರ ಜೊತೆ ಮಾತಾಡುತ್ತಿದ್ದವಳು ಸೊಸೆ ಒಬ್ಬಳೇ. ಸೊಸೆ ಆವತ್ತು ಮೊದಲ ಸಲ ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡಳು. ಆ ಮದುವೆ ಉಳಿಯಿತಾ ಎಂದು ಕೇಳಬೇಡಿ, ಅವರು ಇನ್ನೂ ಬರುತ್ತಿದ್ದಾರೆ.

ಪುಸ್ತಕದ ಮಾತು ಬಂತಲ್ಲ, ಪುಸ್ತಕಗಳು ಎಲ್ಲಿಂದ ಬಂದವು ಎಂಬುದನ್ನೂ ನೋಡಿ. ಫ್ಯಾಮಿಲಿ ಥೆರಪಿಯ ಮೊದಲಿಗರಲ್ಲೊಬ್ಬರಾದ ಸಾಲ್ವಡಾರ್ ಮಿನುಚಿನ್ ಕೆಲಸ ಮಾಡಿದ್ದು ಫಿಲಡೆಲ್ಫಿಯಾದಲ್ಲಿ, ಅದಕ್ಕೂ ಮುಂಚೆ ನ್ಯೂಯಾರ್ಕಿನ ಬಡ ಮಕ್ಕಳ ಜೊತೆ. ಅಪ್ಪ ಅಮ್ಮ ಒಂದು ಮೆಟ್ಟಿಲು, ಮಕ್ಕಳು ಇನ್ನೊಂದು ಮೆಟ್ಟಿಲು, ನಡುವೆ ಒಂದು ಗೆರೆ ಇರಬೇಕು ಎಂದರು. ಮರ್ರೆ ಬೋವೆನ್ ಮೂರು ತಲೆಮಾರಿನ ಚಿತ್ರ ಬರೆದು ನೋಡುವುದನ್ನು ಕಲಿಸಿದರು, ಅದು ಮುಂದೆ ಜೀನೋಗ್ರಾಮ್ ಆಯಿತು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಅಡ್ಡಗೆರೆ. ಬಹಳ ಒಳ್ಳೆಯ ಸಾಧನ. ನಾನು ಪ್ರತಿ ಸಂಸಾರಕ್ಕೂ ಬರೆಯುತ್ತೇನೆ.

ಆದರೆ ನಮ್ಮ ಕಡೆಯ ಸಂಸಾರವನ್ನು ಅದರಲ್ಲಿ ಬರೆಯಲು ಕೂತು ನೋಡಿ. ಅಕ್ಕನ ಮಗಳನ್ನು ತಂದುಕೊಂಡ ಮನೆ ಎಂದಿಟ್ಟುಕೊಳ್ಳಿ. ಹುಡುಗಿಯ ಗಂಡ ಅವಳ ಸೋದರಮಾವ, ಅವಳ ಅತ್ತೆ ಅವಳ ಅಜ್ಜಿ. ಅವಳು ಮುನಿಸಿಕೊಂಡು ತೌರಿಗೆ ಬಂದರೆ ಬಾಗಿಲು ತೆಗೆಯುವ ಅಮ್ಮ ಗಂಡನಿಗೆ ಅಕ್ಕ, ಅತ್ತೆಗೆ ಮಗಳು. ಆ ಅಮ್ಮ ಯಾರ ಕಡೆ ಮಾತಾಡಬೇಕು? ಮಗಳ ಸಂಸಾರ ಮುರಿದರೆ ಅವಳ ತೌರೂ ಮುರಿಯುತ್ತದೆ. ಮಿನುಚಿನ್ನರ ಮೆಟ್ಟಿಲುಗಳು ಇಲ್ಲಿ ಒಂದರೊಳಗೊಂದು ಸೇರಿಕೊಂಡಿವೆ. ಇದೇನು ಎಲ್ಲೋ ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗಿನವು. ಸೋದರತ್ತೆ ಮಗ, ಸೋದರಮಾವನ ಮಗಳು ಎಲ್ಲ ಸೇರಿಸಿದ ಲೆಕ್ಕ ಅದು. ಪುಸ್ತಕದಲ್ಲಿ ರಕ್ತಸಂಬಂಧದ ಮದುವೆಗೆ ಜೋಡಿಗೆರೆ ಹಾಕಿ ಎಂದು ಒಂದು ಸಾಲಿರುತ್ತದೆ, ಅಷ್ಟೆ. ಆ ಜೋಡಿಗೆರೆಯ ಒಳಗೆ ಏನೇನು ನಡೆಯುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತು. ಹಾಸ್ಟೆಲಿನಲ್ಲಿ ಇಂಗ್ಲಿಷ್ ಚೆನ್ನಾಗಿ ಮಾತಾಡುವ ಗೆಳತಿಯರ ಎದುರು ಮುದುಡಿಕೊಳ್ಳಬೇಡಿ. ಕ್ಲಾಸಿನಲ್ಲಿ ಕೈ ಎತ್ತಿ ಇದನ್ನು ಕೇಳಿ.

ಜಮೀನಿನ ವಿಷಯವೂ ಅಷ್ಟೇ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದದ್ದು 1994ರ ತಿದ್ದುಪಡಿಯಲ್ಲಿ, ಕೇಂದ್ರದ ಕಾನೂನಿಗಿಂತ ಹನ್ನೊಂದು ವರ್ಷ ಮೊದಲು. ಕಾಗದದಲ್ಲಿ ಬಂತು. ತೋಟ ಹಂಚುವ ಹೊತ್ತಿಗೆ ಅಣ್ಣ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯ ಸೈನ್ ಹಾಕಿಸುತ್ತಾನೆ, ಒಂದು ಸೀರೆ ಕೊಟ್ಟು ಕಳಿಸುತ್ತಾನೆ. ಅದಾಗಿ ಎಷ್ಟೋ ದಿನದ ಮೇಲೆ ಗಂಡ ಹೆಂಡತಿ ನಿಮ್ಮೆದುರು ಬಂದು ಕೂತು, “ಇವಳಿಗೆ ನನ್ನ ಮೇಲೆ ಗೌರವ ಇಲ್ಲ”, “ಇವರಿಗೆ ಸುಮ್ಸುಮ್ನೆ ಸಿಟ್ಟು” ಎನ್ನುತ್ತಾರೆ. ಪಾಲಿನ ಮಾತು ಇಬ್ಬರೂ ಎತ್ತುವುದಿಲ್ಲ, ನಾಚಿಕೆ. ‘ಕಮ್ಯುನಿಕೇಷನ್ ಪ್ರಾಬ್ಲಮ್’ ಎಂದು ಬರೆದುಕೊಂಡರೆ ಮುಗಿಯಿತು, ಆ ತೋಟದ ಹತ್ತಿರಕ್ಕೂ ನೀವು ಹೋಗಲಿಲ್ಲ. ಪಹಣಿ ಓದಲು ಬಾರದವರು ನಮ್ಮ ಸೀಮೆಯಲ್ಲಿ ಅರ್ಧ ಥೆರಪಿಸ್ಟರೇ. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ರಜಕ್ಕೆ ಬಂದಾಗ ನಿಮ್ಮ ಅಪ್ಪನ ಹತ್ತಿರ ಕಲಿತುಕೊಳ್ಳಿ.

ಹಾಗೆಂದು ಸಂಸಾರವನ್ನು ಕೂರಿಸಿಕೊಂಡು ವಾಸಿ ಮಾಡುವ ವಿದ್ಯೆ ಪೂರ್ತಿ ಹೊರಗಿನದು ಎಂದೂ ತಿಳಿಯಬೇಡಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಎಂಬ ವೈದ್ಯರು ರೋಗಿಯ ಜೊತೆ ಮನೆಯವರೂ ಬಂದಿರಲಿ ಎಂದು ಆಸ್ಪತ್ರೆಯ ಆವರಣದಲ್ಲೇ ಟೆಂಟ್ ಹಾಕಿಸಿದರು. ಸಂಜೆ ಎಲ್ಲರನ್ನೂ ಕೂರಿಸಿ ಮಾತಾಡಿಸುತ್ತಿದ್ದರು. ವೆಲ್ಲೂರಿನ ಸಿಎಂಸಿಯಲ್ಲೂ ಮನೆಯವರು ಜೊತೆಗೇ ಇರುವ ಪದ್ಧತಿ ಬಂತು. ಅದೇ ಕಾಲದಲ್ಲಿ ಪಶ್ಚಿಮದ ಆಸ್ಪತ್ರೆಗಳು ಮನೆಯವರನ್ನು ಗೇಟಿನ ಆಚೆ ನಿಲ್ಲಿಸುತ್ತಿದ್ದವು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರ ಕೊನೆಯಲ್ಲಿ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಸಂಸಾರವನ್ನೇ ಚಿಕಿತ್ಸೆಗೆ ತೆಗೆದುಕೊಳ್ಳುವ ಘಟಕ ಅಲ್ಲಿ ಬೆಳೆಯಿತು. ಅಲ್ಲಿನ ಆರ್.ಎಸ್. ಭಟ್ಟಿಯವರು ಮತ್ತು ಸಂಗಡಿಗರು 1980ರ ದಶಕದಲ್ಲಿ ನಮ್ಮ ಮನೆಗಳ ನಡವಳಿಕೆಯನ್ನು ಅಳೆಯಲು ನಮ್ಮದೇ ಪ್ರಶ್ನಾವಳಿ ಮಾಡಿದರು. ಇದನ್ನೆಲ್ಲ ನಮ್ಮ ಸಂಸ್ಕೃತಿಯ ಹಿರಿಮೆ ಎಂದು ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್‌ಗಳು ಸಾಲದೆ ಮನೆಯವರನ್ನು ಇಟ್ಟುಕೊಂಡಿದ್ದೂ ಅದರಲ್ಲಿ ಸೇರಿದೆ. ಅನಿವಾರ್ಯಕ್ಕೆ ಮಾಡಿದ್ದು ಒಳ್ಳೆಯದೇ ಆಯಿತು ಎಂದರೆ ಸಾಕು.

ಕೋಟದ ಮಾತನ್ನೂ ಹೇಳಿಬಿಡುತ್ತೇನೆ, ನಿಮ್ಮ ಸಿಲಬಸ್ಸಿನಲ್ಲಿ ಇರಲಿ ಬಿಡಲಿ. ಉಡುಪಿ ಕಡೆಯ ಕೋಟದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಹಳ್ಳಿಯವರ ಮನಸ್ಸಿನ ಕಷ್ಟಗಳನ್ನು ಮನೆ ಮನೆಗೆ ಹೋಗಿ ಕೇಳಿ 1976ರಲ್ಲಿ ಪುಸ್ತಕ ಮಾಡಿದರು. ಜನ ಯಾರ್ಯಾರ ಹತ್ತಿರ ಹೋಗುತ್ತಾರೆ ಎಂದೂ ನೋಡಿದರು: ವೈದ್ಯರು, ಮಂತ್ರವಾದಿಗಳು, ದರ್ಶನದ ಪಾತ್ರಿಗಳು. ನೀವೂ ಊರಿಗೆ ಬಂದಾಗ ಅದೇ ಕೆಲಸ ಮಾಡಿ. ಜಾವಗಲ್ಲಿನಲ್ಲಿ ಸಂಸಾರ ಕೆಟ್ಟಾಗ ಜನ ಲಕ್ಷ್ಮೀನರಸಿಂಹನಿಗೆ ಹರಕೆ ಹೊರುತ್ತಾರೆ, ದರ್ಗಾಕ್ಕೆ ಹೋಗುತ್ತಾರೆ, ಜಾತಕ ತೆಗೆಸುತ್ತಾರೆ, ಯಜಮಾನರನ್ನು ಸೇರಿಸುತ್ತಾರೆ, ಸ್ಟೇಷನ್ನಿಗೆ ಹೋಗುತ್ತಾರೆ. ನಿಮ್ಮ ಹತ್ತಿರ ಬರುವುದು ಇದೆಲ್ಲ ಆದ ಮೇಲೆ.

ಯಜಮಾನರ ನ್ಯಾಯದ ಬಗ್ಗೆ ನಾನು ಹಗುರವಾಗಿ ಮಾತಾಡುವುದಿಲ್ಲ. ಅರಳಿಕಟ್ಟೆಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಕೂತು ಗಂಡಿನ ಕಡೆ ಹೆಣ್ಣಿನ ಕಡೆ ಎರಡನ್ನೂ ಸೇರಿಸಿ, ತಾಳಿ ಯಾರಲ್ಲಿದೆ, ಒಡವೆ ಎಲ್ಲಿ ಅಡವಿಟ್ಟಿದೆ, ಸಾಲ ಯಾರ ಹೆಸರಲ್ಲಿದೆ ಎಂದು ಒಂದು ತಾಸಿನಲ್ಲಿ ಹೊರಗೆಳೆಯುವ ಹಿರಿಯರಿದ್ದಾರೆ. ನಿಮಗೆ ಆ ವಿವರ ಸಿಗಲು ವಾರಗಟ್ಟಲೆ ಬೇಕು. ಅವರು ಮಾತು ನಿಲ್ಲಿಸುವ ಜಾಗ, ಒಬ್ಬನನ್ನು ಪಕ್ಕಕ್ಕೆ ಕರೆದು ಮಾತಾಡಿ ವಾಪಸ್ ತರುವ ರೀತಿ, ಎಲ್ಲ ನೋಡಿ ಕಲಿಯುವಂಥದ್ದು. ಆದರೆ ಕಟ್ಟೆಯ ಮೇಲೆ ಕೂತವರಿಗೆ ಕೂಡಿಸಿ ಕಳಿಸುವುದೇ ಗುರಿ. “ಆಗಿದ್ದಾಯ್ತು, ಕೈಕಾಲು ತೊಳ್ಕೊಂಡು ಮನೆಗೆ ಹೋಗಮ್ಮ” ಎಂದು ಮುಚ್ಚಳಿಕೆ ಬರೆಸಿದರೆ ನ್ಯಾಯ ಮುಗಿಯಿತು. ಅಲ್ಲಿ ಕೂತವರಲ್ಲಿ ಒಬ್ಬರಾದರೂ ಗಂಡಿನ ದೊಡ್ಡಪ್ಪನೋ ಷಡ್ಡಕನೋ ಆಗಿರುತ್ತಾರೆ.

ಹೊಡೆತ ಇರುವ ಮನೆಯಲ್ಲಿ ಈ ಕೂಡಿಸುವ ಆತುರ ಜೀವಕ್ಕೇ ಎರವಾಗುತ್ತದೆ. ಇದನ್ನು ನಿಮ್ಮ ತರಬೇತಿಯಲ್ಲಿ ಮೊದಲ ತಿಂಗಳೇ ಕಲಿಸದಿದ್ದರೆ ಆ ತರಬೇತಿಯ ಮೇಲೆ ಅನುಮಾನ ಪಡಿ. ಗಂಡ ಹೆಂಡತಿ ಜೋಡಿಯಾಗಿ ಬಂದಾಗಲೂ ಇಬ್ಬರನ್ನೂ ಒಂದು ಸಲ ಬೇರೆ ಬೇರೆ ಕೂರಿಸಿ ಕೇಳಬೇಕು. “ಹೊಡೀತಾರಾ?” ಎಂದು ಕೇಳಿದರೆ “ಇಲ್ಲ” ಎನ್ನುತ್ತಾರೆ. “ಸಿಟ್ಟು ಬಂದಾಗ ಏನ್ಮಾಡ್ತಾರೆ? ಕೈ ಎತ್ತಿದ್ದು ಉಂಟಾ? ಮಕ್ಕಳು ಎಲ್ಲಿದ್ರು ಆವಾಗ?” ಎಂದು ಕೇಳಬೇಕು. ಭಯ ಇದೆ ಎಂದು ಗೊತ್ತಾದ ಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ‘ಮನಸ್ಸು ಬಿಚ್ಚಿ ಮಾತಾಡಿ’ ಎನ್ನಬಾರದು. ಅವಳು ಬಿಚ್ಚಿದ ಮಾತಿಗೆ ರಾತ್ರಿ ಮನೆಯಲ್ಲಿ ಉತ್ತರ ಸಿಗುತ್ತದೆ.

ಕಾನೂನು ಇಲ್ಲಿ ನಿಮ್ಮ ಜೊತೆಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 2006ರಲ್ಲಿ ಮಾಡಿದ ನಿಯಮಗಳನ್ನು ತರಿಸಿಕೊಂಡು ಓದಿ. ಕಕ್ಷಿಗಾರರ ಸಂಬಂಧಿಯಾಗಲಿ, ಆ ಜಗಳದಲ್ಲಿ ಹಿತಾಸಕ್ತಿ ಇರುವವರಾಗಲಿ ಸಮಾಲೋಚಕರಾಗುವಂತಿಲ್ಲ. ಇನ್ನು ಮುಂದೆ ದೌರ್ಜನ್ಯ ಮಾಡುವುದಿಲ್ಲ ಎಂಬ ಭರವಸೆ ಪಡೆಯುವುದೇ ಸಮಾಲೋಚನೆಯ ತಿರುಳಾಗಿರಬೇಕು. ‘ಅವಳು ಹಾಗಂದಳು, ಅದಕ್ಕೇ ಹೊಡೆದೆ’ ಎಂಬ ಸಮರ್ಥನೆಗೆ ಅಲ್ಲಿ ಜಾಗವೇ ಇಲ್ಲ. ನಮ್ಮ ಕಟ್ಟೆಯ ನ್ಯಾಯ ಅರ್ಧಕ್ಕರ್ಧ ನಡೆಯುವುದೇ ಆ ಸಮರ್ಥನೆಯ ಮೇಲೆ. ನೀವು ಎರಡು ವರ್ಷ ಓದಿ ಬರುವುದರಲ್ಲಿ ಪರೀಕ್ಷೆ ಬರೆದು ಮರೆಯುವಂಥದ್ದು ಬಹಳ ಇರುತ್ತದೆ. ಈ ನಿಯಮಗಳನ್ನು ಮಾತ್ರ ಮರೆಯಬೇಡಿ.

ಇನ್ನು ಸಂಬಳ. ಅಪ್ಪಂದಿರು ಕಾಯುತ್ತಿರುವ ಭಾಗ ಇದು. ಫ್ಯಾಮಿಲಿ ಥೆರಪಿಸ್ಟ್ ಎಂಬ ಹೆಸರಿನ ಸರ್ಕಾರಿ ಹುದ್ದೆಯನ್ನು ನಾನು ಕಂಡಿಲ್ಲ. ಆ ಕೆಲಸ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಸಮಾಲೋಚಕರನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ, ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ ಎಂದೂ ಹೇಳಿದೆ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಾಂತ್ವನ ಕೇಂದ್ರಗಳಿವೆ, ಜಿಲ್ಲೆಯಲ್ಲಿ ಸಖಿ ಕೇಂದ್ರವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್ ಇರುತ್ತಾರೆ. ಆ ಕಾರ್ಯಕ್ರಮದ ಮಾದರಿಯನ್ನು 1985ರಲ್ಲಿ ಮೊದಲು ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲೇ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತಾಡುವವರು ಬೇಕು. ಇವುಗಳಲ್ಲಿ ಬಹುಪಾಲು ಗುತ್ತಿಗೆ ಅಥವಾ ಗೌರವಧನದ ಕೆಲಸ. ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಇದೇ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು, ಅದೂ ಇಂಗ್ಲಿಷಿನಲ್ಲಿ. ನೀವು ಅಲ್ಲಿಗೇ ಹೋದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಸಾಲ ಮಾಡಿ ಓದಿದವರಿಗೆ ಊರಿನ ಋಣದ ಪಾಠ ಹೇಳುವ ಅಭ್ಯಾಸ ನನಗಿಲ್ಲ. ಹೋಗುವವರು ವಾರಕ್ಕೆ ಎರಡು ಗಂಟೆ ಫೋನಿನಲ್ಲಿ ಕನ್ನಡದ ಸಂಸಾರಗಳಿಗೆ ಕೊಟ್ಟರೂ ಆಯಿತು.

ಒಬ್ಬಳು ಕೇಳಿದಳು, “ಅಕ್ಕಾ, ನಂಗೇ ಮದ್ವೆ ಆಗಿಲ್ಲ, ನನ್ನ ಮಾತು ಯಾರು ಕೇಳ್ತಾರೆ?” ಕೇಳುತ್ತಾರೆ, ನೀವು ಮಾತು ಕಡಿಮೆ ಮಾಡಿದರೆ. ಹೆರಿಗೆ ಮಾಡಿಸುವ ಡಾಕ್ಟರನ್ನು ಯಾರೂ ನಿಮಗೆ ಎಷ್ಟು ಮಕ್ಕಳು ಎಂದು ಕೇಳಿ ಒಳಗೆ ಹೋಗುವುದಿಲ್ಲವಲ್ಲ. ಆದರೆ ತರಬೇತಿಯಲ್ಲಿ ನಿಮ್ಮ ಮನೆಯ ಜೀನೋಗ್ರಾಮನ್ನೂ ಬರೆಸುತ್ತಾರೆ, ಬರೆಸಬೇಕು. ನಿಮ್ಮ ಚಿಕ್ಕಮ್ಮ ಯಾಕೆ ಮನೆಗೆ ಬರುವುದಿಲ್ಲ, ಅಜ್ಜ ಯಾಕೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು ಎಂಬುದೆಲ್ಲ ಹೊರಗೆ ಬರುತ್ತದೆ. ಜೋರು ಅತ್ತೆಯನ್ನು ಕಂಡ ತಕ್ಷಣ ನಿಮಗೆ ನಿಮ್ಮ ಅಜ್ಜಿ ನೆನಪಾಗಿ ಸೊಸೆಯ ಪರ ವಾದ ಶುರು ಮಾಡಿದರೆ ಅದನ್ನು ಹಿಡಿಯಲಿಕ್ಕೂ ಕನ್ನಡಿಯ ಆಚೆ ಒಬ್ಬರು ಬೇಕು. ಅತ್ತು ಬರುವ ದಿನಗಳಿರುತ್ತವೆ, ಹಾಸ್ಟೆಲಿನಿಂದ ಅಮ್ಮನಿಗೆ ಫೋನ್ ಮಾಡಿ “ನೀನ್ಯಾಕೆ ಆವಾಗ ಸುಮ್ನಿದ್ದೆ?” ಎಂದು ಕೇಳುವ ದಿನಗಳೂ ಇರುತ್ತವೆ. ಅಮ್ಮಂದಿರೇ, ಅಂಥ ಫೋನ್ ಬಂದರೆ ಗಾಬರಿಯಾಗಬೇಡಿ, ಓದು ಸರಿಯಾಗಿ ನಡೆಯುತ್ತಿದೆ ಎಂದರ್ಥ.

ಕೊನೆಯದಾಗಿ, ಓದು ಮುಗಿಸಿ ಊರಲ್ಲೇ ಒಂದು ರೂಮು ಮಾಡಿಕೊಂಡು ಕೂರಬಹುದೇ ಎಂದು ಇಬ್ಬರು ಕೇಳಿದ್ದೀರಿ. ಜಾವಗಲ್ಲಿನಲ್ಲೇ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಯಾರು ಇಳಿದರು, ಯಾವ ಮೆಟ್ಟಿಲು ಹತ್ತಿದರು ಎಂದು ಟೀ ಅಂಗಡಿಗೆ ಗೊತ್ತಾಗುವ ಊರು ಇದು. ನಿಮ್ಮ ರೂಮಿಗೆ ಬಂದ ಹೆಣ್ಣುಮಗಳ ಸುದ್ದಿ ಅವಳು ಮನೆ ಸೇರುವ ಮುಂಚೆ ಅವಳ ಭಾವನ ಕಿವಿಗೆ ಬಿದ್ದಿರುತ್ತದೆ. ಮೇಲಾಗಿ ಈ ಹೋಬಳಿಯಲ್ಲಿ ಯಾವ ಕಡೆಯಿಂದ ಲೆಕ್ಕ ಹಾಕಿದರೂ ನೀವು ಅರ್ಧ ಜನಕ್ಕೆ ನೆಂಟರು. ಅರಸೀಕೆರೆಯಲ್ಲಿ ನೋಡಿ. ರೈಲ್ವೆ ಜಂಕ್ಷನ್ ಇದೆ, ಮಾರ್ಕೆಟ್ ಇದೆ, ತಾಲ್ಲೂಕು ಆಸ್ಪತ್ರೆ ಇದೆ, ಎಲ್ಲರಿಗೂ ಹೋಗಲು ಒಂದು ನೆಪ ಇರುತ್ತದೆ. ಬೋರ್ಡು ದೊಡ್ಡದು ಬೇಡ. ಕುರ್ಚಿ ಆರಾದರೂ ಇರಲಿ, ಎಲ್ಲ ಒಂದೇ ಎತ್ತರದವು, ಒಂದರ ಮೇಲೂ ದಿಂಬು ಇಡಬೇಡಿ, ಇಟ್ಟರೆ ಅದರಲ್ಲಿ ಮನೆಯ ಯಜಮಾನ ಕೂರುತ್ತಾನೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ನೆಲಮಹಡಿಯ ರೂಮೇ ಹಿಡಿಯಿರಿ. ನಮ್ಮ ಕಡೆಯ ಅತ್ತೆಯರಿಗೆಲ್ಲ ಮಂಡಿ ನೋವು. “ನೀವು ಹೋಗಿ ಮಾತಾಡ್ಕಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ” ಎಂದು ಅವರು ಕೆಳಗೆ ಅಂಗಡಿ ಬೆಂಚಿನ ಮೇಲೆ ಕೂತುಬಿಟ್ಟರೆ ಮೇಲೆ ನೀವು ಯಾರ ಜೊತೆ ಏನು ಮಾತಾಡುತ್ತೀರಿ?

ಅರ್ಜಿಯ ಕೊನೆಯ ದಿನಾಂಕ ಹತ್ತಿರ ಬಂದಿದ್ದರೆ ಫೋನ್ ಮಾಡಿ. ಸಂಜೆ ಏಳರ ಮೇಲೆ, ಆವರೆಗೆ ಯಾವುದಾದರೂ ಸಂಸಾರ ಎದುರಿಗೆ ಕೂತಿರುತ್ತದೆ.

ಇಂತಿ,
ನಿಮ್ಮೂರಿನ ಒಬ್ಬ ಅಕ್ಕ